ಗುರಿ ಅಂಕ ಬರೆಯುವ ಮೊದಲು

ಜೂನ್ ತಿಂಗಳಲ್ಲಿ ನಮ್ಮ ದ್ವಿತೀಯ ಪಿಯುಸಿ ವಾಣಿಜ್ಯ ತರಗತಿಯಲ್ಲಿ ಒಂದು ಹಾಳೆ ಹಂಚಿದ್ದು ಹಲವರಿಗೆ ನೆನಪಿರಬಹುದು. ಹೆಸರು, ಎಸ್ಸೆಸ್ಸೆಲ್ಸಿ ಅಂಕ, ಪ್ರಥಮ ಪಿಯುಸಿ ಅಂಕ, ಕೊನೆಯ ಸಾಲಿನಲ್ಲಿ ‘ಈ ವರ್ಷದ ನನ್ನ ಗುರಿ’ ಎಂದು ಬರೆದು ಮುಂದೆ ಖಾಲಿ ಜಾಗ, ಅದರ ಕೆಳಗೆ 600. ನನ್ನ ಬಲಕ್ಕೆ ಕೂತವಳು 580 ಬರೆದಳು. ಮುಂದಿನ ಬೆಂಚಿನವಳು 590. ನಾನು ಯೋಚಿಸುವವಳ ಹಾಗೆ ಸ್ವಲ್ಪ ಹೊತ್ತು ಪೆನ್ನು ಕಚ್ಚಿ 575 ಬರೆದೆ. ನಿಜ ಹೇಳಬೇಕೆಂದರೆ ಯೋಚಿಸಿದ್ದು ಏನೂ ಇರಲಿಲ್ಲ. 580ಕ್ಕಿಂತ ಸ್ವಲ್ಪ ಕಡಿಮೆ ಬರೆದರೆ ವಿನಯದಂತೆ ಕಾಣುತ್ತದೆ ಎಂದಷ್ಟೇ ಅನ್ನಿಸಿತ್ತು. ಪ್ರಥಮ ಪಿಯುಸಿಯಲ್ಲಿ ನನಗೆ ಬಂದದ್ದು 428.

ಹಾಳೆಗೆ ಮನೆಯವರ ಸಹಿ ಬೇಕಿತ್ತು. ಅಬ್ಬಾ ನಮ್ಮ ಚಪ್ಪಲಿ ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲೆ ಅದನ್ನಿಟ್ಟು ಸಹಿ ಮಾಡಿದರು, 575 ಅನ್ನು ಎರಡು ಸಲ ಓದಿದರು. ಮರುವಾರ ಒಂದು ವಲೀಮಾ ಮುಗಿಸಿ ಆಟೋದಲ್ಲಿ ಬರುವಾಗ ಚಾಚಾಗೆ ಫೋನಿನಲ್ಲಿ ಹೇಳುತ್ತಿದ್ದರು: ‘ಪಾನ್ಸೋ ಪಚ್ಹತ್ತರ್ ಆತೆ ಕತೆ.’ ನಮ್ಮ ಮನೆಯ ಉರ್ದುವಿನಲ್ಲಿ ‘ಕತೆ’ ಎಂದರೆ ಕನ್ನಡದ ‘ಅಂತೆ’. ಐನೂರ ಎಪ್ಪತ್ತೈದು ಬರುತ್ತದಂತೆ. ನಾನು ಬರೆದದ್ದು ಗುರಿ. ಒಂದೇ ವಾರದಲ್ಲಿ ಅದು ಬರಲಿರುವ ಅಂಕವಾಗಿ ಊರು ಸುತ್ತುತ್ತಿತ್ತು. ನಾನು ಆಟೋದ ಹೊರಗೆ ನೋಡುತ್ತ ಕೂತೆ.

ಮಧ್ಯವಾರ್ಷಿಕ ಪರೀಕ್ಷೆಯಲ್ಲಿ 80 ಅಂಕದ ಆರು ಪತ್ರಿಕೆಗಳಲ್ಲಿ ನನಗೆ ಬಂದದ್ದು ಇಷ್ಟು: ಕನ್ನಡ 66, ಇಂಗ್ಲಿಷ್ 55, ಅರ್ಥಶಾಸ್ತ್ರ 52, ಬಿಸಿನೆಸ್ ಸ್ಟಡೀಸ್ 61, ಸಂಖ್ಯಾಶಾಸ್ತ್ರ 50, ಅಕೌಂಟೆನ್ಸಿ 41. ಒಟ್ಟು 480ಕ್ಕೆ 325. ವಾಣಿಜ್ಯ ಓದುವವಳಿಗೆ ಕನ್ನಡದಲ್ಲಿ ಎಲ್ಲಕ್ಕಿಂತ ಹೆಚ್ಚು, ಅಕೌಂಟೆನ್ಸಿಯಲ್ಲಿ ಎಲ್ಲಕ್ಕಿಂತ ಕಡಿಮೆ! ಆ ಅಂಕಪಟ್ಟಿಯನ್ನು ನಾನು ಹನ್ನೊಂದು ದಿನ ಬಿಸಿನೆಸ್ ಸ್ಟಡೀಸ್ ಪುಸ್ತಕದ ಹೊದಿಕೆಯೊಳಗೆ ಇಟ್ಟಿದ್ದೆ. ಹನ್ನೆರಡನೆಯ ದಿನ ಅಬ್ಬಾ ತಾವೇ ಕೇಳಿದರು. ಸಿಟ್ಟೇನೂ ಮಾಡಲಿಲ್ಲ. ಅದು ಇನ್ನೂ ಕಷ್ಟವಾಯಿತು. ಅಂಗಡಿಯ ಲೆಕ್ಕದ ಪುಸ್ತಕ ಮುಚ್ಚಿ ಒಂದು ಮಾತು ಕೇಳಿದರು: ‘ಬೇಟಿ, ರಮ್ಜಾನ್‌ಗೆ ಮಾಲು ತರಿಸುವಾಗ ನಾನು ಏನು ನೋಡ್ತೀನಿ? ಹೋದ ವರ್ಷ ಯಾವ ಸೈಜು ಎಷ್ಟು ಹೋಯ್ತು, ಈಗ ಗೋದಾಮಿನಲ್ಲಿ ಎಷ್ಟಿದೆ, ಎಷ್ಟು ಹೋಗಬಹುದು. ನೀನು ಯಾವುದನ್ನು ನೋಡಿ 575 ಬರೆದೆ?’

ಉತ್ತರ ಇರಲಿಲ್ಲ. ಈ ಲೇಖನ ಬರೆಯುತ್ತಿರುವುದು ಆ ಪ್ರಶ್ನೆಗೆ ಆಮೇಲೆ ಹುಡುಕಿಕೊಂಡ ಉತ್ತರವನ್ನು ನಿಮಗೂ ಹೇಳೋಣ ಎಂದು. ಪ್ರಥಮ ಪಿಯುಸಿಯವರಿಗೆ ಇದು ಹೆಚ್ಚು ಉಪಯೋಗವಾಗಬಹುದು, ಯಾಕೆಂದರೆ ಅವರಿಗೆ ಇನ್ನೂ ಸಮಯವಿದೆ.

ದಾರಿ ತೋರಿಸಿದ್ದು ಇಂಗ್ಲೆಂಡಿನ ಲೆಸ್ಟರ್ ಊರಿನಲ್ಲಿರುವ ನನ್ನ ಫುಪ್ಪುವಿನ ಮಗಳು. ನನಗಿಂತ ಒಂದು ವರ್ಷ ದೊಡ್ಡವಳು, ನಾನು ಆಪಾ ಎನ್ನುತ್ತೇನೆ. ಭಾನುವಾರ ಅಮ್ಮಿ ವಿಡಿಯೋ ಕಾಲ್ ಮಾಡಿದಾಗ ನನ್ನ ಮುಖ ನೋಡಿ ಏನಾಯಿತು ಎಂದು ಕೇಳಿದಳು. ಅವಳು ಓದುತ್ತಿರುವುದು ಸಿಕ್ಸ್ತ್ ಫಾರ್ಮ್‌ನಲ್ಲಿ. ಅದು ಅಲ್ಲಿನ ಪಿಯುಸಿ ಎಂದುಕೊಳ್ಳಿ: ಹದಿನಾರನೇ ವಯಸ್ಸಿಗೆ ಜಿಸಿಎಸ್‌ಇ ಎಂಬ ಪರೀಕ್ಷೆ ಮುಗಿಸಿದ ಮೇಲಿನ ಎರಡು ವರ್ಷ. ಆದರೆ ನಮ್ಮ ಹಾಗೆ ಆರು ವಿಷಯವಿಲ್ಲ, ಹೆಚ್ಚಿನವರು ಎ-ಲೆವೆಲ್‌ಗೆ ಮೂರೇ ವಿಷಯ ಓದುತ್ತಾರೆ. ಫಲಿತಾಂಶ ಅಂಕದಲ್ಲಿ ಬರುವುದಿಲ್ಲ, ಗ್ರೇಡಿನಲ್ಲಿ ಬರುತ್ತದೆ: ಎಲ್ಲಕ್ಕಿಂತ ಮೇಲೆ ಎ ಸ್ಟಾರ್, ಆಮೇಲೆ ಎ, ಬಿ, ಸಿ, ಡಿ, ಇ.

ಅಲ್ಲಿಯ ವ್ಯವಸ್ಥೆಯಲ್ಲಿ ನನಗೆ ವಿಚಿತ್ರವಾಗಿ ಕಂಡದ್ದು ಒಂದಿದೆ. ನಾವು ಪಿಯುಸಿ ಫಲಿತಾಂಶ ಬಂದ ಮೇಲೆ ಪದವಿ ಕಾಲೇಜಿಗೆ ಅರ್ಜಿ ಹಾಕುತ್ತೇವೆ. ಅವರು ಪರೀಕ್ಷೆಗೆ ಎಷ್ಟೋ ತಿಂಗಳು ಮೊದಲೇ ಹಾಕುತ್ತಾರೆ. ಯುಕಾಸ್ ಎಂಬ ಒಂದೇ ಸಂಸ್ಥೆಯ ಮೂಲಕ ಐದು ಆಯ್ಕೆ ಕೊಡಬಹುದು. ಆಕ್ಸ್‌ಫರ್ಡ್, ಕೇಂಬ್ರಿಡ್ಜ್, ವೈದ್ಯಕೀಯದಂಥವಕ್ಕೆ ಅಕ್ಟೋಬರ್ 15 ಕೊನೆಯ ದಿನ, ಉಳಿದ ಹೆಚ್ಚಿನವಕ್ಕೆ ಜನವರಿ. ಆಗ ಕೈಯಲ್ಲಿ ಎ-ಲೆವೆಲ್ ಫಲಿತಾಂಶವೇ ಇರುವುದಿಲ್ಲವಲ್ಲ, ವಿಶ್ವವಿದ್ಯಾಲಯ ಏನು ನೋಡಿ ಸೀಟು ಕೊಡುತ್ತದೆ? ಶಿಕ್ಷಕರು ಬರೆದುಕೊಡುವ ನಿರೀಕ್ಷಿತ ಗ್ರೇಡ್ ನೋಡಿ. ಈ ಹುಡುಗಿಗೆ ಈ ವಿಷಯದಲ್ಲಿ ಇಷ್ಟು ಬರಬಹುದು ಎಂದು ಅವರು ಅರ್ಜಿಯಲ್ಲೇ ಬರೆಯುತ್ತಾರೆ. ಅದನ್ನೂ ಉಳಿದದ್ದನ್ನೂ ನೋಡಿ ವಿಶ್ವವಿದ್ಯಾಲಯ ‘ನಿನಗೆ ಎ, ಬಿ, ಬಿ ಬಂದರೆ ಸೀಟು ನಿನ್ನದು’ ಎಂದು ಷರತ್ತಿನ ಮೇಲೆ ಒಪ್ಪುತ್ತದೆ. ಬಂದ ಒಪ್ಪಿಗೆಗಳಲ್ಲಿ ಎರಡನ್ನು ಮಾತ್ರ ಇಟ್ಟುಕೊಳ್ಳಬಹುದು: ಒಂದು ನಿಜವಾಗಿ ಬೇಕಾದದ್ದು, ಇನ್ನೊಂದು ಅದು ತಪ್ಪಿದರೆ ಇರಲಿ ಎಂದು ಸಾಮಾನ್ಯವಾಗಿ ಸ್ವಲ್ಪ ಸುಲಭದ ಷರತ್ತಿನದು. ಆಗಸ್ಟ್‌ನಲ್ಲಿ ಫಲಿತಾಂಶ ಬರುತ್ತದೆ. ಎರಡೂ ತಪ್ಪಿದವರು ಕ್ಲಿಯರಿಂಗ್ ಎಂಬ ಉಳಿದ ಸೀಟುಗಳ ಸುತ್ತಿಗೆ ಹೋಗುತ್ತಾರೆ.

ಹೀಗಾಗಿ ಆಪಾಳ ವಿಷಯಗಳ ಎದುರಿಗೆ ಒಂದಲ್ಲ, ಮೂರು ಗ್ರೇಡ್‌ಗಳಿವೆ. ಈಗ ಅವಳು ಬರೆಯುತ್ತಿರುವ ಮಟ್ಟ ಯಾವುದು, ಹೀಗೇ ಓದಿದರೆ ಕೊನೆಗೆ ಎಷ್ಟು ಬರಬಹುದು ಎಂದು ಶಿಕ್ಷಕರ ಅಂದಾಜು ಏನು, ಗುರಿ ಯಾವುದು. ಗುರಿಯನ್ನು ಕೂಡ ಪಕ್ಕದವಳನ್ನು ನೋಡಿ ಬರೆಯುವುದಿಲ್ಲ. ಅವಳ ಶಾಲೆಯವರು ಜಿಸಿಎಸ್‌ಇಯಲ್ಲಿ ಬಂದದ್ದನ್ನು ಆಧಾರವಾಗಿಟ್ಟುಕೊಂಡು ಹೇಳುತ್ತಾರೆ. ಅರ್ಥಶಾಸ್ತ್ರದಲ್ಲಿ ಅವಳಿಗೆ ಈಗಿನ ಮಟ್ಟ ಸಿ, ಅಂದಾಜು ಬಿ, ಗುರಿ ಎ. ‘ನಾನು ಎ ಅಂತ ಎಲ್ಲರಿಗೂ ಹೇಳಿಕೊಂಡು ತಿರುಗಿದರೆ ನನಗೇ ನಷ್ಟ, ಐದೂ ಆಯ್ಕೆ ಎ ಕೇಳೋ ಕಡೆ ಹಾಕಿ ಕೂರಬೇಕಾಗುತ್ತೆ’ ಎಂದಳು.

ಅವರ ವ್ಯವಸ್ಥೆ ನಮ್ಮದಕ್ಕಿಂತ ಒಳ್ಳೆಯದು ಎಂದು ನಾನು ಹೇಳುತ್ತಿಲ್ಲ. ಶಿಕ್ಷಕರ ಅಂದಾಜಿನ ಮೇಲೆ ನನ್ನ ಸೀಟು ನಿಲ್ಲುವುದಾದರೆ ನನಗೆ ನಿದ್ದೆ ಬರಲಿಕ್ಕಿಲ್ಲ. ಆದರೆ ನಮ್ಮಲ್ಲಿ ಅಂದಾಜನ್ನು ಯಾರೂ ಕೇಳುವುದಿಲ್ಲ, ಅದಕ್ಕೇ ನಾವು ಅದನ್ನು ಬರೆಯುವುದೂ ಇಲ್ಲ. ಗುರಿ ಎಂಬ ಒಂದೇ ಸಂಖ್ಯೆ ಇರುತ್ತದೆ, ಅದು ಗೋಡೆಯ ಮೇಲಿನ ಘೋಷಣೆಯಾಗುತ್ತದೆ.

ಆ ರಾತ್ರಿಯೇ ನೋಟ್‌ಬುಕ್ಕಿನ ಹಿಂಬದಿಯ ಹಾಳೆಯಲ್ಲಿ ಮೂರು ಅಂಕಣ ಎಳೆದೆ. ಮೊದಲನೆಯದರಲ್ಲಿ ಮಧ್ಯವಾರ್ಷಿಕದ ಅಂಕ. ನಮ್ಮ ವಿಷಯಗಳಲ್ಲಿ ಲಿಖಿತ 80, ಆಂತರಿಕ 20 ಎಂಬುದು ನಿಮಗೆ ಗೊತ್ತೇ ಇದೆ. ಆಂತರಿಕ ಅಂಕ ಟೆಸ್ಟು, ಪ್ರಾಜೆಕ್ಟು ಎಂದು ವರ್ಷವಿಡೀ ಸೇರುತ್ತ ಹೋಗುವಂಥದ್ದು, ಕೊನೆಯ ತಿಂಗಳಲ್ಲಿ ಎದ್ದು ಕೂತು ಗಳಿಸಲಾಗುವುದಿಲ್ಲ. ಅದಕ್ಕೆ ವಿಷಯಕ್ಕೆ 18ರಂತೆ 108 ಹಾಕಿಕೊಂಡೆ. 325 ಮತ್ತು 108 ಸೇರಿ 433. ಪ್ರಥಮ ಪಿಯುಸಿಗಿಂತ ಬರೀ 5 ಹೆಚ್ಚು!

ಎರಡನೆಯ ಅಂಕಣವನ್ನು ನಾನು ಬರೆಯಲಿಲ್ಲ. ಹಾಳೆ ಹಿಡಿದು ಒಬ್ಬೊಬ್ಬ ಉಪನ್ಯಾಸಕರ ಹತ್ತಿರ ಹೋದೆ. ಇದಕ್ಕೆ ಧೈರ್ಯ ಬೇಕು, ಎರಡು ದಿನ ಸ್ಟಾಫ್ ರೂಮಿನ ಬಾಗಿಲವರೆಗೆ ಹೋಗಿ ವಾಪಸ್ ಬಂದಿದ್ದೇನೆ. ‘ಸರ್, ಹೀಗೇ ಓದಿದರೆ ನನಗೆ 80ಕ್ಕೆ ಎಷ್ಟು ಬರಬಹುದು? ನಿಮಗೆ ಅನ್ನಿಸಿದ್ದು ಬರೆಯಿರಿ’ ಎಂದೆ. ಕನ್ನಡ ಮೇಡಂ 70 ಬರೆದರು. ಇಂಗ್ಲಿಷ್ 60, ಅರ್ಥಶಾಸ್ತ್ರ 60, ಬಿಸಿನೆಸ್ 66, ಸಂಖ್ಯಾಶಾಸ್ತ್ರ 59. ಅಕೌಂಟೆನ್ಸಿ ಸರ್ ನನ್ನ ಉತ್ತರಪತ್ರಿಕೆ ಮತ್ತೊಮ್ಮೆ ತರಿಸಿ ನೋಡಿ 55 ಬರೆದರು. ಎಲ್ಲ ಸೇರಿ 370, ಆಂತರಿಕದೊಂದಿಗೆ 478. ಇದು ನನ್ನ ನಿಜವಾದ ‘ಬರ್ತದಂತೆ’.

ಮೂರನೆಯ ಅಂಕಣ ಗುರಿ. ಈ ಸಲ ಅದನ್ನು ಮೇಲಿನಿಂದ ಕೆಳಕ್ಕೆ ಬರೆಯದೆ ಕೆಳಗಿನಿಂದ ಮೇಲಕ್ಕೆ ಬರೆದೆ. ಎಲ್ಲಿ ಎಷ್ಟು ಅಂಕ ಹೋಗಿದೆ, ಅದರಲ್ಲಿ ಎಷ್ಟನ್ನು ಮರಳಿ ತರಬಹುದು? ಅಕೌಂಟೆನ್ಸಿಯನ್ನೇ ಹೇಳುತ್ತೇನೆ, ಯಾಕೆಂದರೆ ನಮ್ಮಲ್ಲಿ ಹೆಚ್ಚಿನವರು ಮುಗ್ಗರಿಸುವುದು ಅಲ್ಲೇ. ನನಗೆ ಹೋದದ್ದು 39 ಅಂಕ. ಉತ್ತರಪತ್ರಿಕೆ ಮುಂದಿಟ್ಟುಕೊಂಡು ಒಂದೊಂದನ್ನೂ ಕೇಳಿದೆ, ಯಾಕೆ ಹೋಯಿತು? ಸಮಯ ಸಾಲದೆ ಮುಟ್ಟದೇ ಬಿಟ್ಟದ್ದು 14. ಗೊತ್ತಿದ್ದೂ ತಪ್ಪು ಕಡೆ ಬರೆದದ್ದು, ನಮೂನೆ ಕೆಡಿಸಿದ್ದು 12. ಉದಾಹರಣೆಗೆ ಪಾಲುದಾರರ ಸೇರ್ಪಡೆಯ ದೊಡ್ಡ ಲೆಕ್ಕದಲ್ಲಿ ಕಟ್ಟಡದ ಮೌಲ್ಯ ಏರಿದ್ದನ್ನು ರಿವ್ಯಾಲ್ಯುಯೇಷನ್ ಖಾತೆಯ ಡೆಬಿಟ್ ಕಡೆ ಬರೆದುಬಿಟ್ಟಿದ್ದೆ. ಅಲ್ಲಿಂದ ಬಂಡವಾಳ ಖಾತೆ, ಬ್ಯಾಲೆನ್ಸ್ ಶೀಟ್ ಎಲ್ಲ ಸರಪಳಿಯಂತೆ ತಪ್ಪಿತು. ನಿಜವಾಗಿ ಅರ್ಥವೇ ಆಗದೆ ಹೋದದ್ದು 9 ಮಾತ್ರ, ಅದೂ ಒಂದೇ ವಿಚಾರ: ಅಡಗಿದ ಗುಡ್‌ವಿಲ್. ಉಳಿದ 4 ಕೂಡುವ ಕಳೆಯುವ ಅಜಾಗರೂಕತೆ.

ಇದನ್ನು ನೋಡಿ ಎಷ್ಟು ಹಗುರವಾಯಿತು ಎಂದರೆ ಹೇಳಲಾರೆ. ನಾನು ‘ಅಕೌಂಟೆನ್ಸಿ ಬರುವುದಿಲ್ಲ’ ಎಂದುಕೊಂಡಿದ್ದೆ. ಬಾರದ್ದು 9 ಅಂಕದ್ದು. ಅದನ್ನೂ ಸರ್ ಹತ್ತು ನಿಮಿಷದಲ್ಲಿ ಹೇಳಿಕೊಟ್ಟರು: ಹೊಸ ಪಾಲುದಾರ ನಾಲ್ಕನೇ ಒಂದು ಪಾಲಿಗೆ 50,000 ತಂದರೆ, ಆ ಲೆಕ್ಕಕ್ಕೆ ಇಡೀ ಸಂಸ್ಥೆಯ ಬಂಡವಾಳ 2,00,000 ಆಗಬೇಕು. ಆದರೆ ಹಳಬರ 1,10,000 ಮತ್ತು ಹೊಸಬನ 50,000 ಸೇರಿದರೆ 1,60,000 ಮಾತ್ರ. ಎಲ್ಲೂ ಬರೆಯದ ಆ 40,000 ಯಾವುದು? ಅದೇ ಸಂಸ್ಥೆಯ ಹೆಸರಿನ ಬೆಲೆ. ನಮ್ಮ ಅಂಗಡಿಯನ್ನು ನೆನೆದೆ, ಸೆಪ್ಟೆಂಬರ್‌ನಿಂದ ಅರ್ಥವಾಗದ್ದು ತಟ್ಟನೆ ಅರ್ಥವಾಯಿತು.

ಸಮಯದ 14 ಅಂಕಕ್ಕೆ ಮದ್ದು ಬೇರೆ. ಗಡಿಯಾರ ಇಟ್ಟುಕೊಂಡು ವಾರಕ್ಕೆ ಎರಡು ದೊಡ್ಡ ಲೆಕ್ಕ, ಅಷ್ಟೇ. ಹೀಗೆ ಒಂದೊಂದು ವಿಷಯಕ್ಕೂ ಮಾಡಿದಾಗ ಬಂದದ್ದು: ಅಕೌಂಟೆನ್ಸಿಯಲ್ಲಿ 25 ಹೆಚ್ಚು, ಸಂಖ್ಯಾಶಾಸ್ತ್ರದಲ್ಲಿ 18 (ಸೂಚ್ಯಂಕ, ಕಾಲಶ್ರೇಣಿ ಎರಡನ್ನೂ ಸರಿಯಾಗಿ ಮಾಡಿದರೆ ಸಾಕು), ಅರ್ಥಶಾಸ್ತ್ರ 14, ಇಂಗ್ಲಿಷ್ 10, ಬಿಸಿನೆಸ್ 9, ಕನ್ನಡ 6. ಒಟ್ಟು 82. 433ಕ್ಕೆ ಸೇರಿಸಿದರೆ 515. ಅಕೌಂಟೆನ್ಸಿಯ ಗುರಿ 66 ಎಂದು ಬರೆದದ್ದನ್ನು ಸರ್‌ಗೆ ತೋರಿಸಿದೆ. ‘ನನ್ನ 55 ಹಾಗೇ ಇರಲಿ, ನಿನ್ನ 66 ಕೂಡ ಇರಲಿ, ಎರಡನ್ನೂ ಅಳಿಸಬೇಡ’ ಎಂದರು.

ಈಗ ಅರ್ಜಿಯ ವಿಚಾರ. ಇಲ್ಲಿ ನನಗೆ ಇನ್ನೊಂದು ಆಶ್ಚರ್ಯ ಕಾದಿತ್ತು.

ನಮ್ಮ ಮನೆಯಲ್ಲಿ ಮೊದಲೇ ಒಂದು ಮಾತಾಗಿತ್ತು. ಡಿಸ್ಟಿಂಕ್ಷನ್ ಬಂದರೆ ಹೊರ ಊರಿಗೆ ಅರ್ಜಿ ಹಾಕಬಹುದು, ಇಲ್ಲದಿದ್ದರೆ ಇಲ್ಲೇ ಪದವಿ. ಅಮ್ಮಿಗೆ ಹಾಸ್ಟೆಲ್ ಎಂದರೆ ಭಯ, ಅಬ್ಬಾಗೆ ಖರ್ಚಿನ ಚಿಂತೆ. ಡಿಸ್ಟಿಂಕ್ಷನ್ ಎಂದರೆ 600ಕ್ಕೆ 510. ಪ್ರಥಮ ದರ್ಜೆಗೆ 360 ಸಾಕು. ಪಾಸಾಗಲು ಈ ವರ್ಷದಿಂದ 198, ಪ್ರತಿ ವಿಷಯದಲ್ಲೂ ಕನಿಷ್ಠ 30. ಹಾಗಾದರೆ ನಾನು ಹೋಗಬೇಕೆಂದಿರುವ ಕಡೆಗಳಲ್ಲಿ ಕೇಳುವ ಅಂಕ ಎಷ್ಟು ಎಂದು ಒಂದು ಶನಿವಾರ ಗ್ರಂಥಾಲಯದ ಕಂಪ್ಯೂಟರಿನಲ್ಲಿ ಕೂತು ಹುಡುಕಿದೆ. 510 ಅನ್ನು ಕೇಳುವವರು ಯಾರೂ ಸಿಗಲಿಲ್ಲ!

ಕೇಂದ್ರೀಯ ವಿಶ್ವವಿದ್ಯಾಲಯಗಳನ್ನು ತೆಗೆದುಕೊಳ್ಳಿ. ಕಲಬುರಗಿ ಜಿಲ್ಲೆಯ ಕಡಗಂಚಿಯಲ್ಲಿರುವ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವಾಗಲಿ, ದೆಹಲಿ ವಿಶ್ವವಿದ್ಯಾಲಯವಾಗಲಿ, ಪದವಿಗೆ ಸೇರಿಸಿಕೊಳ್ಳುವುದು ಸಿಯುಇಟಿ ಅಂಕದ ಮೇಲೆ. 2022ರಲ್ಲಿ ಶುರುವಾದ ಪರೀಕ್ಷೆ ಇದು. ಪಿಯುಸಿ ಪಾಸಾಗಿರಬೇಕು, ಅವರು ಹೇಳಿದ ಕನಿಷ್ಠ ಅರ್ಹತೆ ಇರಬೇಕು, ಅಷ್ಟೇ. ಆಮೇಲೆ ಎಲ್ಲ ಸಿಯುಇಟಿ. 2025ರಿಂದ ಒಬ್ಬರು ಹೆಚ್ಚೆಂದರೆ ಐದು ವಿಷಯ ಬರೆಯಬಹುದು. ಪ್ರತಿ ವಿಷಯಕ್ಕೆ 60 ನಿಮಿಷ, 50 ಪ್ರಶ್ನೆ, ಸರಿ ಉತ್ತರಕ್ಕೆ 5, ತಪ್ಪಿಗೆ 1 ಕಡಿತ. ಪ್ರಶ್ನೆಪತ್ರಿಕೆ 13 ಭಾಷೆಗಳಲ್ಲಿ ಇರುತ್ತದೆ, ಕನ್ನಡ ಮತ್ತು ಉರ್ದು ಎರಡೂ ಅದರಲ್ಲಿವೆ. ಇದು ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ, ಇಂಗ್ಲಿಷ್ ಹೆದರಿಕೆಯಿಂದಲೇ ಬಿಟ್ಟುಬಿಡುತ್ತಾರೆ. ನಮ್ಮ ಬಿಸಿನೆಸ್ ಸ್ಟಡೀಸ್ ಎನ್‌ಸಿಇಆರ್‌ಟಿ ಪಠ್ಯವೇ ಆದ್ದರಿಂದ ಹೊಸದಾಗಿ ಓದುವುದು ನಾನು ಹೆದರಿದಷ್ಟು ಇಲ್ಲ. ಸಂಖ್ಯಾಶಾಸ್ತ್ರ ಓದುವವರಿಗೆ ಒಂದು ಸಣ್ಣ ಲೆಕ್ಕ: ನಾಲ್ಕು ಆಯ್ಕೆಗಳಲ್ಲಿ ಕಣ್ಣುಮುಚ್ಚಿ ಒಂದನ್ನು ಒತ್ತಿದರೆ ಗಣಿತೀಯ ನಿರೀಕ್ಷೆ ಅರ್ಧ ಅಂಕ, ಎರಡು ಆಯ್ಕೆಗಳನ್ನು ತಳ್ಳಿಹಾಕಿ ಒತ್ತಿದರೆ ಎರಡು ಅಂಕ. ಅಂದರೆ ಬಿಟ್ಟು ಬರುವುದಕ್ಕಿಂತ ಯೋಚಿಸಿ ಒತ್ತುವುದು ಮೇಲು.

ವಿಷಯ ಸಂಯೋಜನೆಯ ಬಗ್ಗೆ ಪ್ರಥಮ ಪಿಯುಸಿಗೆ ಸೇರುವ ತಮ್ಮ ತಂಗಿಯರಿಗೆ ಒಂದು ಮಾತು. ದೆಹಲಿಯಲ್ಲಿ ಬಿ.ಕಾಂ. ಆನರ್ಸ್‌ಗೆ ಗಣಿತ ಇಲ್ಲದಿದ್ದರೂ ಅಕೌಂಟೆನ್ಸಿ ಇದ್ದರೆ ಆಗುತ್ತದೆ. ಆದರೆ ಅಲ್ಲೇ ಬಿ.ಎ. ಎಕನಾಮಿಕ್ಸ್ ಆನರ್ಸ್‌ಗೆ ಹನ್ನೆರಡನೆಯ ತರಗತಿಯಲ್ಲಿ ಗಣಿತ ಓದಿರಲೇಬೇಕು. ನಾನು ಎಸ್‌ಇಬಿಎ. ಆ ಬಾಗಿಲು ನನಗೆ ಹದಿನಾರನೇ ವಯಸ್ಸಿನಲ್ಲೇ ಮುಚ್ಚಿತ್ತು, ಗೊತ್ತಾದದ್ದು ಹದಿನೇಳಕ್ಕೆ.

ಸಿಎ ಫೌಂಡೇಶನ್‌ಗೂ ಪಿಯುಸಿಯ ದೊಡ್ಡ ಅಂಕ ಬೇಡ. ನೂರು ಅಂಕದ ನಾಲ್ಕು ಪತ್ರಿಕೆ, ಪ್ರತಿಯೊಂದರಲ್ಲಿ ಕನಿಷ್ಠ 40, ಒಟ್ಟಾರೆ ಶೇಕಡಾ 50. ಈಗ ವರ್ಷಕ್ಕೆ ಮೂರು ಸಲ ನಡೆಯುತ್ತದೆ. ನೋಂದಣಿಯಾಗಿ ನಾಲ್ಕು ತಿಂಗಳು ಕಳೆದಿರಬೇಕು, ಅಂದರೆ ಮೇ ಪರೀಕ್ಷೆಗೆ ಜನವರಿ 1ರೊಳಗೆ, ಸೆಪ್ಟೆಂಬರ್ ಪರೀಕ್ಷೆಗೆ ಮೇ 1ರೊಳಗೆ. ಬೋರ್ಡ್ ಪರೀಕ್ಷೆ, ಸಿಯುಇಟಿ, ಸಿಎ ಮೂರನ್ನೂ ಮೇ ತಿಂಗಳಿಗೆ ತುರುಕುವುದು ನನ್ನಿಂದಾಗದು, ನಾನು ಸೆಪ್ಟೆಂಬರ್ ಎಂದುಕೊಂಡಿದ್ದೇನೆ. ಫೌಂಡೇಶನ್ ಆಗದಿದ್ದರೂ ದಾರಿ ಪೂರ್ತಿ ಮುಚ್ಚುವುದಿಲ್ಲ. ಬಿ.ಕಾಂ.ನಲ್ಲಿ ಶೇಕಡಾ 55 ತೆಗೆದವರು ನೇರ ಇಂಟರ್‌ಮೀಡಿಯೆಟ್‌ಗೆ ಸೇರಬಹುದು.

ಆಸರೆಗೆ ನಮ್ಮೂರಿನ ಬಿ.ಕಾಂ. ಇದ್ದೇ ಇದೆ. ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ 2024-25ರಿಂದ ಪದವಿ ಮತ್ತೆ ಮೂರು ವರ್ಷದ್ದಾಗಿದೆ, ಫಲಿತಾಂಶ ಬಂದ ಮೇಲೆ ಯುಯುಸಿಎಂಎಸ್ ಎಂಬ ಒಂದೇ ತಾಣದಲ್ಲಿ ಅರ್ಜಿ.

ದೊಡ್ಡ ಅಂಕ ನಿಜವಾಗಿ ಕೆಲಸಕ್ಕೆ ಬರುವ ಕಡೆ ಒಂದು ಸಿಕ್ಕಿತು, ವಿದ್ಯಾರ್ಥಿವೇತನ. ಕೇಂದ್ರ ಸರ್ಕಾರದ ಸೆಂಟ್ರಲ್ ಸೆಕ್ಟರ್ ವಿದ್ಯಾರ್ಥಿವೇತನ ಪದವಿಯವರಿಗೆ ವರ್ಷಕ್ಕೆ 12,000 ರೂಪಾಯಿ ಕೊಡುತ್ತದೆ. ಕುಟುಂಬದ ವಾರ್ಷಿಕ ಆದಾಯ 4.5 ಲಕ್ಷದೊಳಗಿರಬೇಕು, ಅರ್ಧ ಪಾಲು ಹುಡುಗಿಯರಿಗೆ. ಅಂಕದ ಷರತ್ತು 80ನೇ ಪರ್ಸೆಂಟೈಲ್‌ಗಿಂತ ಮೇಲೆ. ಇದನ್ನು ಶೇಕಡಾ 80 ಎಂದು ಓದಿ ನಮ್ಮ ಸೀನಿಯರ್ ಒಬ್ಬಳು ಅರ್ಜಿಯನ್ನೇ ಹಾಕಲಿಲ್ಲವಂತೆ. ಪರ್ಸೆಂಟೈಲ್ ಬೇರೆ. ನಮ್ಮ ಬೋರ್ಡಿನಲ್ಲಿ ನಮ್ಮ ವಿಭಾಗದವರನ್ನೆಲ್ಲ ಅಂಕದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ಮೇಲಿನ ಐದನೇ ಒಂದು ಭಾಗದಲ್ಲಿ ನಾವಿರಬೇಕು ಎಂದು ಅರ್ಥ. ಅದು ಯಾವ ಅಂಕಕ್ಕೆ ನಿಲ್ಲುತ್ತದೆ ಎಂಬುದು ಆಯಾ ವರ್ಷದ ಫಲಿತಾಂಶದ ಮೇಲೆ. ಹಾಗಾಗಿ ಇಲ್ಲಿ ಒಂದೊಂದು ಅಂಕಕ್ಕೂ ಬೆಲೆಯಿದೆ.

ಇದನ್ನೆಲ್ಲ ಹಾಳೆಯಲ್ಲಿ ಬರೆದು ಅಬ್ಬಾರ ಮುಂದೆ ಇಟ್ಟೆ. ‘510 ಕೇಳ್ತಿರೋದು ನೀವು ಮಾತ್ರ ಅಬ್ಬಾ’ ಎಂದೆ, ಸ್ವಲ್ಪ ನಡುಗುತ್ತಲೇ. ಅಬ್ಬಾ 433, 478, 515 ಮೂರನ್ನೂ ಬೆರಳಿಟ್ಟು ಓದಿದರು. ‘ಇದು ಲೆಕ್ಕ’ ಎಂದರು. ಹೊರ ಊರಿಗೆ ಕಳಿಸುತ್ತೇನೆ ಎಂದು ಹೇಳಲಿಲ್ಲ. ಸಿಯುಇಟಿಗೆ ಅರ್ಜಿ ಹಾಕು, 478 ಬಂದರೂ ಕೂತು ಮಾತಾಡೋಣ ಎಂದರು. ಕಲಬುರಗಿಯಾದರೆ ಖಾಲಾ ಮನೆ ಇದೆ ಎಂದು ಒಳಗಿನಿಂದ ಅಮ್ಮಿ ಹೇಳಿದ್ದು ನನಗೆ ಕೇಳಿಸಿತು. ಚಾಚಾಗೆ ಮತ್ತೆ ಫೋನ್ ಮಾಡಿ 575 ಅಲ್ಲ ಎಂದು ಹೇಳಿದರೋ ಇಲ್ಲವೋ, ನಾನು ಕೇಳಿಲ್ಲ.

ಅರ್ಜಿಗೆ ಮುಂಚೆ ನಮ್ಮಂಥ ಮನೆಗಳವರು ನೋಡಿಕೊಳ್ಳಲೇಬೇಕಾದ ಇನ್ನೊಂದು ವಿಚಾರ ನಮ್ಮ ಹೆಸರು. ನನ್ನ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ ‘ಬೀಬಿ’ ಇದೆ, ಆಧಾರ್‌ನಲ್ಲಿ ಇಲ್ಲ. ಅಬ್ಬಾರ ಹೆಸರಿನ ಮೊಹಮ್ಮದ್ ಒಂದು ಕಡೆ ಪೂರ್ತಿ, ಇನ್ನೊಂದು ಕಡೆ ಬರೀ ಎಂ, ಡಿ. ನಮ್ಮ ತರಗತಿಯಲ್ಲಿ ಕೇಳಿ ನೋಡಿದೆ, ಒಂದೇ ಬೆಂಚಿನ ನಾಲ್ವರಲ್ಲಿ ಮೂವರಿಗೆ ಹೀಗೇ ಏನಾದರೊಂದು ವ್ಯತ್ಯಾಸ. ಮನೆಯಲ್ಲಿ ಉರ್ದುವಿನಲ್ಲಿ ಒಂದೇ ರೀತಿ ಬರೆಯುವ ಹೆಸರನ್ನು ಕಚೇರಿಯವರು ಇಂಗ್ಲಿಷ್ ಅಕ್ಷರದಲ್ಲಿ ಐದು ರೀತಿ ಬರೆದಿರುತ್ತಾರೆ. ಕಂಪ್ಯೂಟರಿಗೆ ಅವು ಐದು ಬೇರೆ ಜನ. ವಿದ್ಯಾರ್ಥಿವೇತನದ ಅರ್ಜಿ ಇಲ್ಲೇ ಸಿಕ್ಕಿಬೀಳುತ್ತದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇರುವಂತೆ ಆಧಾರ್ ತಿದ್ದಿಸುವುದು ಸುಲಭ, ಅಂಕಪಟ್ಟಿ ತಿದ್ದಿಸುವುದು ಕಷ್ಟ. ಆಧಾರ್‌ನಲ್ಲೂ ಹೆಸರು ಬದಲಿಸಲು ಜೀವನದಲ್ಲಿ ಎರಡೇ ಅವಕಾಶ, ಆದ್ದರಿಂದ ಅಕ್ಷರ ಅಕ್ಷರ ನೋಡಿ ಕೊಡಿ. ಜೊತೆಗೆ ನಾಡಕಚೇರಿಯ ಜಾತಿ-ಆದಾಯ ಪ್ರಮಾಣಪತ್ರ, ನಿಮ್ಮದೇ ಹೆಸರಿನಲ್ಲಿ ಆಧಾರ್ ಜೋಡಿಸಿದ ಬ್ಯಾಂಕ್ ಖಾತೆ. ಇವೆಲ್ಲ ಜನವರಿಯೊಳಗೆ ಒಂದು ಕಡತದಲ್ಲಿ ಇರಲಿ. ಹೋದ ವರ್ಷ ಸಿಯುಇಟಿ ಅರ್ಜಿ ತೆರೆದದ್ದು ಮಾರ್ಚ್ 1ಕ್ಕೆ, ಬೋರ್ಡ್ ಪರೀಕ್ಷೆಯ ಮೊದಲ ದಿನಗಳಲ್ಲಿ. ಆಗ ಆಧಾರ್ ಕೇಂದ್ರದ ಸರತಿಯಲ್ಲಿ ನಿಲ್ಲಲು ಯಾರಿಗೆ ಪುರುಸೊತ್ತಿದೆ?

ಕೊನೆಯದಾಗಿ ವೇಳಾಪಟ್ಟಿ. ಈ ಸಲ ಪರೀಕ್ಷೆ-1 ಫೆಬ್ರವರಿ 28ರಿಂದ ಮಾರ್ಚ್ 17ರವರೆಗೆ. ಕ್ಯಾಲೆಂಡರ್ ನೋಡಿದ್ದೀರಾ? ಪೂರ್ತಿ ಪರೀಕ್ಷೆ ರಮ್ಜಾನ್‌ನಲ್ಲೇ ಬರುತ್ತದೆ. ರಾತ್ರಿ ಹನ್ನೊಂದರಿಂದ ಎರಡರವರೆಗೆ ಓದುವ ಅಭ್ಯಾಸವಿರುವವರಿಗೆ ತರಾವೀಹ್ ಮುಗಿಸಿ ಬಂದ ಮೇಲೆ ಅದು ನಡೆಯುವುದಿಲ್ಲ, ಸೆಹ್ರಿಗೆ ಏಳಬೇಕು. ನಾನು ಡಿಸೆಂಬರ್‌ನಿಂದಲೇ ಬದಲಿಸಿಕೊಳ್ಳುತ್ತಿದ್ದೇನೆ: ಹತ್ತಕ್ಕೆ ಮಲಗಿ ಬೆಳಿಗ್ಗೆ ಫಜರ್ ಆದ ಮೇಲೆ ಎರಡು ತಾಸು. ಅಕೌಂಟೆನ್ಸಿಯ ದೊಡ್ಡ ಲೆಕ್ಕ ಆಗಲೇ, ಯಾಕೆಂದರೆ ಮಧ್ಯಾಹ್ನ ಮೂರರ ಮೇಲೆ ರೋಜಾದಲ್ಲಿ ತಲೆ ಓಡುವುದಿಲ್ಲ ಎಂದು ಹೋದ ವರ್ಷವೇ ಗೊತ್ತಾಗಿದೆ. ಮಧ್ಯಾಹ್ನಕ್ಕೆ ಕನ್ನಡ, ಬಿಸಿನೆಸ್‌ನಂಥ ಓದುವ ವಿಷಯ. ಅಂಕ ತೃಪ್ತಿಯಾಗದಿದ್ದರೆ ಏಪ್ರಿಲ್ ಕೊನೆಗೆ ಪರೀಕ್ಷೆ-2 ಇದೆ, ಎರಡರಲ್ಲಿ ಹೆಚ್ಚಿನದೇ ಉಳಿಯುತ್ತದೆ. ಆದರೆ ಅದು ಸಿಯುಇಟಿ ಓದಿನ ದಿನಗಳನ್ನು ತಿನ್ನುತ್ತದೆ ಎಂಬುದು ಲೆಕ್ಕದಲ್ಲಿರಲಿ.

ಎರಡನೇ ಟೆಸ್ಟಿನ ಅಂಕ ಮೊನ್ನೆ ಬಂತು. ಅಕೌಂಟೆನ್ಸಿ 50ಕ್ಕೆ 36, ಅಂದರೆ 80ಕ್ಕೆ ಸುಮಾರು 58. ಸರ್ ಬರೆದದ್ದಕ್ಕಿಂತ 3 ಹೆಚ್ಚು, ನನ್ನ ಗುರಿಗಿಂತ 8 ಕಡಿಮೆ. ಸಂಖ್ಯಾಶಾಸ್ತ್ರ 38. ಇಂಗ್ಲಿಷ್ ಮಾತ್ರ ಇಳಿದಿದೆ, 50ಕ್ಕೆ 31. ಈ ಸಲ ಅಂಕಪಟ್ಟಿಯನ್ನು ಅದೇ ದಿನ ಗಲ್ಲಾಪೆಟ್ಟಿಗೆಯ ಮೇಲೆ ಇಟ್ಟೆ.

ಮೂರು ಅಂಕಣದ ಹಾಳೆಯನ್ನು ಇಂಗ್ಲಿಷ್ ಮೇಡಂ ಟೈಪ್ ಮಾಡಿಸಿ ಕೊಟ್ಟಿದ್ದಾರೆ. ಬೇಕಾದವರು ಊಟದ ಬಿಡುವಿನಲ್ಲಿ ಗ್ರಂಥಾಲಯಕ್ಕೆ ಬಂದರೆ ಪ್ರತಿ ಸಿಗುತ್ತದೆ. ನಿಮ್ಮ ಮಧ್ಯವಾರ್ಷಿಕದ ಉತ್ತರಪತ್ರಿಕೆಗಳನ್ನೂ ತನ್ನಿ, ಅವಿಲ್ಲದೆ ಮೊದಲನೆಯ ಅಂಕಣ ತುಂಬಲಾಗುವುದಿಲ್ಲ. ಗುರುವಾರ ಮಾತ್ರ ನಾನು ಇರುವುದಿಲ್ಲ. ಆಧಾರ್ ಕೇಂದ್ರದಲ್ಲಿ ಟೋಕನ್ ಸಿಕ್ಕಿದೆ.